ಕುದುರೆ ಲಾಯವನ್ನು ಬಿಸಿಲಿನಿಂದ ಕಾಯುವುದು: ತಗಡಿನ ಛಾವಣಿಯಿಂದ ಪಡುವಣ ಗೋಡೆಯವರೆಗೆ

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆ ಅನ್ನುತ್ತಾರೆ. ಕುದುರೆ ಸಾಕಿದವರು ಅದನ್ನೇ ಗಡುವು ಎಂದುಕೊಳ್ಳಬೇಕು. ಛಾವಣಿಯ ಕೆಲಸವೆಲ್ಲ ಅಷ್ಟರೊಳಗೆ ಮುಗಿದಿರಲಿ. ಏಪ್ರಿಲ್ ಬಂತೆಂದರೆ ಕಾದ ತಗಡಿನ ಮೇಲೆ ಹತ್ತಲು ಕೆಲಸಗಾರರು ಸಿಗುವುದಿಲ್ಲ, ಅದರ ಕೆಳಗೆ ನಿಂತ ಕುದುರೆಗೆ ಬೇರೆ ದಾರಿಯೂ ಇರುವುದಿಲ್ಲ.

ಬೆಂಗಳೂರು, ತುಮಕೂರು, ಮೈಸೂರು ಸುತ್ತಮುತ್ತ ಈಗ ಎರಡು ಕುದುರೆಯಿಂದ ಹತ್ತು ಕುದುರೆಯವರೆಗೆ ಸಾಕುವ ತೋಟಗಳೂ ಸವಾರಿ ಶಾಲೆಗಳೂ ಬಹಳ ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವು ಗೋದಾಮಿನ ಮಾದರಿಯ ಶೆಡ್‌ಗಳು: ಛಾವಣಿ ಹೊರುವ ಕಬ್ಬಿಣದ ಚೌಕಟ್ಟು (ಟ್ರಸ್), ಮೇಲೆ ತಗಡು, ಸುತ್ತ ಸಿಮೆಂಟ್ ಬ್ಲಾಕಿನ ಗೋಡೆ. ಈ ಮಾರ್ಗದರ್ಶಿ ಅಂಥ ಲಾಯಕ್ಕೆ. ಬಳ್ಳಾರಿ, ರಾಯಚೂರು, ಕಲಬುರಗಿಯ ಬಿಸಿಲಿಗೂ ಇದೇ ಕ್ರಮ; ಅಲ್ಲಿ ಮಾತ್ರ ಯಾವ ಹಂತವನ್ನೂ ಬಿಡುವ ಹಾಗಿಲ್ಲ.

ಮೊದಲಿಗೇ ಒಂದು ಮಾತು ಸ್ಪಷ್ಟವಾಗಿರಲಿ. ಲಾಯಕ್ಕೆ ಶಾಖ ಬರುವುದನ್ನು ತಡೆಯಬೇಕು, ಗಾಳಿ ಬರುವುದನ್ನು ತಡೆಯಬಾರದು. ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ) ಎಂದ ಕೂಡಲೇ ಸಂದುಗೊಂದು ಮುಚ್ಚಿ ಬಿಗಿ ಮಾಡುವ ಯೋಚನೆ ಬರುತ್ತದೆ. ಮನೆಗೆ, ಎ.ಸಿ. ಕೋಣೆಗೆ ಅದು ಸರಿ. ಸುಮಾರು 500 ಕೆ.ಜಿ. ತೂಗುವ ಕುದುರೆ ಸುಮ್ಮನೆ ನಿಂತಿದ್ದರೂ 600 ವ್ಯಾಟ್‌ನಷ್ಟು ಶಾಖ ಬಿಡುತ್ತಿರುತ್ತದೆ. ದಿನಕ್ಕೆ ಹಲವು ಲೀಟರ್ ನೀರು ಅದರ ಉಸಿರಿನಿಂದಲೇ ಗಾಳಿ ಸೇರುತ್ತದೆ. ಅದರ ಜೊತೆಗೆ ಗಂಜಳ, ಲದ್ದಿ. ಇಷ್ಟನ್ನೂ ಒಳಗೇ ಕೂಡಿಹಾಕಿ ಛಾವಣಿಗೆ ದಪ್ಪ ಹೊದಿಕೆ ಹೊದಿಸಿದರೆ ಹಗಲು ಸ್ವಲ್ಪ ತಂಪೆನಿಸಿ, ರಾತ್ರಿ ಮೊದಲಿಗಿಂತ ಹೆಚ್ಚು ಧಗೆಯಾಗುತ್ತದೆ. ಬರಿಯ ತಗಡು ಸೂರ್ಯ ಮುಳುಗಿದ ಮೇಲೆ ಬೇಗ ತಣಿಯುತ್ತದೆ. ಹೊದಿಕೆ ಹಾಕಿದ ಛಾವಣಿಯ ಮೂಲಕ ಶಾಖ ಹಾಗೆ ಸುಲಭವಾಗಿ ಹೊರಹೋಗುವುದಿಲ್ಲ. ಅದಕ್ಕೇ ಗಾಳಿಯ ದಾರಿ ಮೊದಲು, ಹೊದಿಕೆ ಆಮೇಲೆ.

ಕುದುರೆಗೆ ಎಷ್ಟು ಶಾಖ ಹಿತ

ಬೆಳೆದ ಆರೋಗ್ಯವಂತ ಕುದುರೆ ಸುಮಾರು 5ರಿಂದ 25 ಡಿಗ್ರಿ ಸೆಲ್ಸಿಯಸ್‌ವರೆಗೆ ಯಾವ ಪ್ರಯಾಸವೂ ಇಲ್ಲದೆ ಇರಬಲ್ಲದು. ಬೆಂಗಳೂರಿನ ಡಿಸೆಂಬರ್ ರಾತ್ರಿಯ 15 ಡಿಗ್ರಿ ನಮಗೆ ಸ್ವೆಟರ್ ಹಾಕಿಸುತ್ತದೆ, ಕುದುರೆಗೆ ಅದು ಹಿತವಾದ ಹವೆ. ಹಾಗಾಗಿ ನಮ್ಮ ಬಯಲುಸೀಮೆಯಲ್ಲಿ ಚಳಿಗೆಂದು ಲಾಯ ಮುಚ್ಚುವ ಅಗತ್ಯವೇ ಇಲ್ಲ. ಬೀದರ್ ಕಡೆಯ ಚಳಿಯಲ್ಲಿ ಎಳೆ ಮರಿ, ಕಾಯಿಲೆಯ ಕುದುರೆ, ಕೂದಲು ಕತ್ತರಿಸಿದ ಕುದುರೆ ಇದ್ದರೆ ಗಾಳಿ ಬೀಸುವ ದಿಕ್ಕಿನ ಕೆಳಭಾಗಕ್ಕೆ ಮಾತ್ರ ಗೋಣಿತಟ್ಟಿನ ಪರದೆ ಬಿಟ್ಟರೆ ಸಾಕು.

ಸೆಕೆ ಹಾಗಲ್ಲ. ಕುದುರೆ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಬೆವರಿನಿಂದ. ಸೆಕೆ ತಿಂಗಳುಗಟ್ಟಲೆ ಎಡೆಬಿಡದೆ ಇದ್ದರೆ ಕೆಲವು ಕುದುರೆಗಳು ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಬ್ರಿಟಿಷರು ಬಿಸಿ ಪ್ರದೇಶಗಳಿಗೆ ತಂದ ತಮ್ಮ ಕುದುರೆಗಳಲ್ಲಿ ಈ ತೊಂದರೆಯನ್ನು ಗುರುತಿಸಿದ್ದರು. ಕೂದಲು ಒಣಗಿ, ಉಸಿರು ಏರಿ, ಕೆಲಸ ಕೊಟ್ಟರೆ ಕುಸಿಯುವ ಸ್ಥಿತಿ ಅದು. ಒಮ್ಮೆ ಬಂದರೆ ಸರಿಪಡಿಸುವುದು ಕಷ್ಟ. ರಾತ್ರಿಯಾದರೂ ಮೈ ತಣಿಯುವ ಜಾಗ ಕುದುರೆಗೆ ಸಿಗಬೇಕು ಎಂದು ಒತ್ತಿ ಹೇಳುವುದು ಇದಕ್ಕೇ.

ಮೊದಲ ಹಂತ: ಅಳೆಯಿರಿ

ಕೆಲಸ ಶುರುಮಾಡುವ ಮೊದಲು ಒಂದು ವಾರ ಲೆಕ್ಕ ಬರೆದಿಡಿ. ಸಾಧಾರಣ ಥರ್ಮಾಮೀಟರನ್ನು ಕುದುರೆಯ ಬೆನ್ನಿನ ಎತ್ತರಕ್ಕೆ, ಅಂದರೆ ನೆಲದಿಂದ ಸುಮಾರು 5 ಅಡಿಗೆ, ಬಿಸಿಲು ಬೀಳದ ಕಡೆ ತೂಗುಹಾಕಿ. ಇನ್ನೊಂದನ್ನು ಹೊರಗೆ ಮರದ ನೆರಳಲ್ಲಿ ಇಡಿ. ಬೆಳಿಗ್ಗೆ 6, ಮಧ್ಯಾಹ್ನ 3, ರಾತ್ರಿ 9: ಮೂರು ಹೊತ್ತು ನೋಡಿದರೆ ಸಾಕು. ಮಧ್ಯಾಹ್ನ ಒಳಗಿನ ಶಾಖ ಹೊರಗಿನ ನೆರಳಿಗಿಂತ ಹೆಚ್ಚಿದ್ದರೆ ಛಾವಣಿಯ ಮೇಲೆ ಅನುಮಾನ. ರಾತ್ರಿ 9ಕ್ಕೆ ಹೆಚ್ಚಿದ್ದರೆ ಗೋಡೆಯ ಮೇಲೆ, ಗಾಳಿ ಆಡದಿರುವುದರ ಮೇಲೆ ಅನುಮಾನ. ಈ ಎರಡಕ್ಕೂ ಮದ್ದು ಬೇರೆಬೇರೆ.

ತಗಡಿನ ತಳಭಾಗದ ಬಿಸಿಯನ್ನು ಗನ್ ಥರ್ಮಾಮೀಟರಿನಿಂದ ನೋಡಬಹುದು. ಆದರೆ ಹೊಳೆಯುವ ಲೋಹದ ಮೇಲೆ ಅದು ತಪ್ಪು ಅಂಕಿ ತೋರಿಸುತ್ತದೆ, ನಿಜಕ್ಕಿಂತ ಬಹಳ ಕಡಿಮೆ. ತಗಡಿಗೆ ಅಂಗೈಯಗಲದ ಕಪ್ಪು ಟೇಪ್ ಅಂಟಿಸಿ, ಹತ್ತು ನಿಮಿಷ ಬಿಟ್ಟು, ಆ ಟೇಪಿನ ಮೇಲೆ ಗುರಿಯಿಟ್ಟು ಓದಿ. ಬೇಸಿಗೆಯ ಮಧ್ಯಾಹ್ನ 60 ಡಿಗ್ರಿ ದಾಟಿದ್ದರೆ ಅಚ್ಚರಿಯಿಲ್ಲ. ಆ ಬಿಸಿ ಗಾಳಿಯ ಮೂಲಕ ಇಳಿಯಬೇಕಾಗಿಯೂ ಇಲ್ಲ, ನೇರವಾಗಿ ಕಿರಣವಾಗಿ ಕುದುರೆಯ ಬೆನ್ನಿಗೆ ಬಡಿಯುತ್ತದೆ. ಥರ್ಮಾಮೀಟರ್ 36 ತೋರಿಸುತ್ತಿದ್ದರೂ ಕುದುರೆ ಅದಕ್ಕಿಂತ ಹೆಚ್ಚು ಬಳಲುವುದು ಇದರಿಂದ.

ಕುದುರೆಯನ್ನೂ ಅಳೆಯಿರಿ. ನಿಂತ ಕುದುರೆಯ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 8ರಿಂದ 16 ಸಲ ಸಹಜ. ಏನೂ ಕೆಲಸ ಮಾಡದ ಕುದುರೆ ಮಧ್ಯಾಹ್ನ ಲಾಯದಲ್ಲೇ ಇದರ ಎರಡುಪಟ್ಟು ಉಸಿರಾಡುತ್ತಿದ್ದರೆ ಲಾಯ ಬಿಸಿಯಾಗಿದೆ ಎಂದೇ ಅರ್ಥ. ಕೊನೆಗೆ, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಒಳಹೋಗಿ, ಹಾಸಿನ ಪಕ್ಕ ಮಂಡಿಯೂರಿ ಮೂಸಿ. ಅಮೋನಿಯಾದ ಘಾಟು ಕಣ್ಣಿಗೆ, ಮೂಗಿಗೆ ಹೊಡೆದರೆ ಗಾಳಿಯ ದಾರಿ ಸಾಲದು. ನಾವು ನಿಂತಾಗ ಗೊತ್ತಾಗದ ಘಾಟು ಮಲಗಿದ ಕುದುರೆಯ ಮೂಗಿನ ಮಟ್ಟದಲ್ಲಿ ಇರುತ್ತದೆ. ಅದೇ ಮುಂದೆ ಕೆಮ್ಮಿಗೆ, ಉಬ್ಬಸಕ್ಕೆ ದಾರಿ ಮಾಡಿಕೊಡುತ್ತದೆ.

ಎರಡನೇ ಹಂತ: ಗಾಳಿಗೆ ದಾರಿ

ಬಿಸಿಗಾಳಿ ಮೇಲೇರುತ್ತದೆ, ಅದು ಹೊರಹೋಗಲು ಛಾವಣಿಯ ನೆತ್ತಿಯಲ್ಲಿ ಬಾಯಿ ಬೇಕು, ಅದರ ಜಾಗಕ್ಕೆ ತಂಪುಗಾಳಿ ಬರಲು ಸೂರಿನ ಕೆಳಗೆ ಬಾಯಿ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನ ಕಡಿಮೆ. ಅಳತೆಗೆ ಒಂದು ಹಳೆಯ ಸೂತ್ರವಿದೆ. ಲಾಯದ ಅಗಲ ಪ್ರತಿ 10 ಅಡಿಗೆ ನೆತ್ತಿಯಲ್ಲಿ 2 ಅಂಗುಲದ ಸೀಳು, ಉದ್ದಕ್ಕೂ. ಸೂರಿನಲ್ಲಿ ಎರಡೂ ಬದಿ ಸೇರಿ ಅಷ್ಟೇ. 30 ಅಡಿ ಅಗಲದ ಲಾಯವಾದರೆ ನೆತ್ತಿಯಲ್ಲಿ 6 ಅಂಗುಲ, ಒಂದೊಂದು ಸೂರಿನಲ್ಲಿ 3 ಅಂಗುಲ. ಚಳಿಗಾಲದಲ್ಲೂ ಮುಚ್ಚಬಾರದ ಕನಿಷ್ಠ ಅಳತೆ ಇದು. ನಮ್ಮ ಹವೆಗೆ ಇದರ ಎರಡುಪಟ್ಟು ಬಿಟ್ಟರೂ ತೊಂದರೆಯಿಲ್ಲ.

ವೆಲ್ಡರ್‌ಗೆ ಹೇಳುವಾಗ ಹೀಗೆ ಹೇಳಿ: ನೆತ್ತಿಯ ರಿಡ್ಜ್ ಶೀಟು ಬಿಚ್ಚಿ, ಎರಡೂ ಬದಿಯ ತಗಡನ್ನು ಬೇಕಾದಷ್ಟು ಹಿಂದಕ್ಕೆ ಕತ್ತರಿಸಿ, ಅದರ ಮೇಲೆ ಮುಕ್ಕಾಲು ಅಡಿಯಿಂದ ಒಂದಡಿ ಎತ್ತರದಲ್ಲಿ ಪುಟ್ಟ ಮಾಡು ನಿಲ್ಲಿಸಬೇಕು. ಆ ಮಾಡು ಸೀಳಿನ ಎರಡೂ ಅಂಚು ದಾಟಿ ಚೆನ್ನಾಗಿ ಚಾಚಿರಬೇಕು, ಇಲ್ಲದಿದ್ದರೆ ಮೇ ತಿಂಗಳ ಗಾಳಿಮಳೆಯಲ್ಲಿ ಇರಚಲು ಒಳಬರುತ್ತದೆ. ಪಾರಿವಾಳ ಬರದಂತೆ ಅರ್ಧ ಅಂಗುಲದ ಜಾಲರಿ ಸಾಕು. ಅಲ್ಲಿಗೆ ಸೊಳ್ಳೆಪರದೆಯ ಸಣ್ಣ ಜಾಲರಿ ಹಾಕಿದರೆ ಒಂದೇ ಬೇಸಿಗೆಯಲ್ಲಿ ದೂಳು ಕಟ್ಟಿ ಬಾಯಿ ಮುಚ್ಚಿಹೋಗುತ್ತದೆ. ಸರ್ರಾ ಎಂಬ ರಕ್ತದ ಪರಾವಲಂಬಿ ರೋಗ ಹರಡುವ ಕಚ್ಚುವ ನೊಣಗಳ ಕಾಟವಿದ್ದರೆ ಸಣ್ಣ ಜಾಲರಿಯನ್ನು ಕೆಳಗಿನ ಕಿಟಕಿಗಳಿಗೆ ಹಾಕಿ. ಅಲ್ಲಿ ಪೊರಕೆಯಿಂದ ಗುಡಿಸಿ ತೆಗೆಯಬಹುದು.

ಛಾವಣಿ ಬಿಚ್ಚಲು ಆಗುವುದೇ ಇಲ್ಲ ಎಂದರೆ ಗಾಳಿಗೆ ತಿರುಗುವ ಟರ್ಬೋ ವೆಂಟಿಲೇಟರ್ ಕೂರಿಸುತ್ತಾರೆ. ಅದು ಇಲ್ಲದ್ದಕ್ಕಿಂತ ಮೇಲು. ಉದ್ದಕ್ಕೂ ಬಿಟ್ಟ ಸೀಳಿಗೆ ಸಾಟಿಯಲ್ಲ.

ಉತ್ತರ ಕರ್ನಾಟಕದ ಮೇಲ್ಮುದ್ದೆಯ ಮನೆಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ. ದಪ್ಪ ಮಣ್ಣಿನ ಮಾಳಿಗೆ ಬಿಸಿಲು ತಡೆಯುತ್ತದೆ, ಅದರ ನಡುವಿನ ಬೆಳಕಿಂಡಿ ಬಿಸಿಗಾಳಿಯನ್ನು ಹೊರಬಿಡುತ್ತದೆ. ಆ ಎರಡು ಕೆಲಸವನ್ನೇ ನಾವು ತಗಡಿನಲ್ಲಿ ಮಾಡಲು ಹೊರಟಿರುವುದು.

ಮೂರನೇ ಹಂತ: ಮೇಲೆ ಬಿಳಿ ಬಣ್ಣ

ಅತಿ ಕಡಿಮೆ ಖರ್ಚಿನ ಕೆಲಸವಿದು. ಬಿಸಿಲನ್ನು ಬಂದ ಹಾಗೇ ಹಿಂದಕ್ಕೆ ಕಳಿಸಿದರೆ ಒಳಗೆ ತಡೆಯುವ ಹೊರೆ ಅರ್ಧ ಇಳಿದಂತೆ. ಮಾರುಕಟ್ಟೆಯಲ್ಲಿ ಕೂಲ್ ರೂಫ್ ಪೇಂಟ್ ಎಂದು ಸಿಗುವ ಬಿಳಿ ಅಕ್ರಿಲಿಕ್ ಬಣ್ಣ ಹೊಸದರಲ್ಲಿ ಬಿಸಿಲಿನ ನೂರರಲ್ಲಿ ಸುಮಾರು 80 ಪಾಲನ್ನು ಹಿಂತಿರುಗಿಸಬಲ್ಲದು. ತಗಡನ್ನು ತೊಳೆದು, ತುಕ್ಕು ಕೆರೆದು, ತುಕ್ಕು ನಿರೋಧಕ ಪ್ರೈಮರ್ ಹಚ್ಚಿ, ಆಮೇಲೆ ಎರಡು ಕೈ ಬಣ್ಣ. ಮೊದಲ ಕೈ ಉದ್ದಕ್ಕೆ ಬಳಿದರೆ ಎರಡನೆಯದನ್ನು ಅಡ್ಡಕ್ಕೆ ಬಳಿಯಿರಿ. ಸ್ಕ್ರೂಗಳ ತಲೆಯ ಕೆಳಗಿನ ರಬ್ಬರ್ ವಾಷರ್ ಬಿರಿದಿದ್ದರೆ ಇದೇ ಹೊತ್ತಿನಲ್ಲಿ ಬದಲಿಸಿಬಿಡಿ.

ಸುಣ್ಣ ಬಳಿದರೆ ಆಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಆರ್.ಸಿ.ಸಿ. ತಾರಸಿಗೆ ಸುಣ್ಣ ಒಳ್ಳೆಯದು, ಅಗ್ಗ, ಪ್ರತಿ ವರ್ಷ ಬಳಿದರಾಯಿತು. ತಗಡಿನ ಮೇಲೆ ಅದು ನಿಲ್ಲುವುದಿಲ್ಲ, ಮೊದಲ ಮಳೆಗೆ ಹಕ್ಕಳೆಯೇಳುತ್ತದೆ. ಇನ್ನು ಹಳೆಯ ಆಸ್‌ಬೆಸ್ಟಾಸ್ ಶೀಟಿನ ಲಾಯವಾದರೆ ಅದನ್ನು ಉಜ್ಜುವುದು, ಕೊರೆಯುವುದು, ಕತ್ತರಿಸುವುದು ಬೇಡ. ಅದರ ನಾರು ಉಸಿರಿನಲ್ಲಿ ಹೋದರೆ ಮನುಷ್ಯರಿಗೂ ಕುದುರೆಗೂ ಕೇಡು. ಮೆತ್ತಗೆ ನೀರು ಹಾಯಿಸಿ ಒಣಗಿದ ಮೇಲೆ ಬಣ್ಣ ಹಚ್ಚಿ. ಕಾಲಿಡಲು ಹಲಗೆ ಕಟ್ಟಿಕೊಳ್ಳದೆ ಆ ಶೀಟಿನ ಮೇಲೆ ಯಾರನ್ನೂ ಹತ್ತಿಸಬೇಡಿ.

ನಾಲ್ಕನೇ ಹಂತ: ಛಾವಣಿಯ ಕೆಳಗೆ ಹೊದಿಕೆ

ಹಣ ಹೆಚ್ಚು ಖರ್ಚಾಗುವುದೂ ತಪ್ಪು ಹೆಚ್ಚು ನಡೆಯುವುದೂ ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಈಗಿರುವ ಛಾವಣಿ ಗಟ್ಟಿಯಾಗಿದ್ದರೆ ಎರಡೂ ಮೈಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಬಬಲ್ ಶೀಟ್ (ಗಾಳಿಗುಳ್ಳೆಗಳ ಪ್ಲಾಸ್ಟಿಕ್ ಹಾಳೆ) ನನ್ನ ಆಯ್ಕೆ. ಇದರ ಕೆಲಸ ನಡೆಯುವುದು ದಪ್ಪದಿಂದಲ್ಲ, ಹೊಳಪಿನಿಂದ. ತಗಡಿಗೆ ತಾಗಿಸಿ ಅಂಟಿಸಿದರೆ ಆ ಬದಿಯ ಹೊಳಪು ವ್ಯರ್ಥ. ತಗಡಿಗೂ ಹಾಳೆಗೂ ನಡುವೆ ಗಾಳಿಯ ಸಂದು ಇರಲೇಬೇಕು. ಹಾಗಾಗಿ ತಗಡನ್ನು ಹೊತ್ತ ಅಡ್ಡಪಟ್ಟಿಗಳಾದ ಪರ್ಲಿನ್‌ಗಳ ಕೆಳಗಿನ ಅಂಚಿಗೆ ಹಾಳೆ ಎಳೆದು ಕಟ್ಟಿಸಿ. ಪರ್ಲಿನ್‌ನ ಎತ್ತರವೇ 3–4 ಅಂಗುಲದ ಸಂದು ಕೊಡುತ್ತದೆ. ಮೊದಲು ಜಿ.ಐ. ತಂತಿಯನ್ನು ಒಂದೂವರೆ ಅಡಿಗೊಂದರಂತೆ ಬಿಗಿಯಾಗಿ ಎಳೆದು, ಅದರ ಮೇಲೆ ಹಾಳೆ ಹಾಸಿ, ಜೋಡಣೆಯಲ್ಲಿ ನಾಲ್ಕು ಅಂಗುಲ ಒಂದರ ಮೇಲೊಂದು ಬರುವಂತೆ ಮಾಡಿ ಅಲ್ಯೂಮಿನಿಯಂ ಟೇಪ್ ಒತ್ತಬೇಕು. ಸೂರಿನ ತುದಿಯಲ್ಲೂ ನೆತ್ತಿಯಲ್ಲೂ ಆ ಸಂದು ತೆರೆದೇ ಇರಲಿ, ಜಾಲರಿ ಮಾತ್ರ ಹಾಕಿ. ತಗಡಿನ ಕೆಳಗೆ ಕಾದ ಗಾಳಿ ಲಾಯಕ್ಕೆ ಇಳಿಯದೆ ಅಲ್ಲಿಂದಲೇ ಹೊರಹೋಗುತ್ತದೆ. ಹಾಳೆಯ ಮೇಲ್ಮೈಯಲ್ಲಿ ವರ್ಷಗಳು ಕಳೆದಂತೆ ದೂಳು ಕೂತು ಹೊಳಪು ಮಾಸುತ್ತದೆ, ಆದರೆ ಕೆಳಮುಖದ ಹೊಳಪು ಉಳಿಯುತ್ತದೆ. ಅದಕ್ಕೇ ಎರಡೂ ಮೈಗೆ ಹೊಳಪಿರುವುದನ್ನೇ ಕೊಳ್ಳಿ, ಬೆಂಕಿ ಬೇಗ ಹತ್ತದ ದರ್ಜೆಯದು ಕೇಳಿ.

ತಗಡು ತುಕ್ಕು ಹಿಡಿದು ಬದಲಿಸಲೇಬೇಕಾಗಿದ್ದರೆ ಪಫ್ ಪ್ಯಾನೆಲ್ ಹಾಕಿಸಿ. ಬಣ್ಣ ಬಳಿದ ಎರಡು ತಗಡುಗಳ ನಡುವೆ 50 ಮಿ.ಮೀ. ಫೋಮ್ ತುಂಬಿದ ಹಲಗೆ ಅದು. ಮೇಲಿನ ತಗಡು 65 ಡಿಗ್ರಿ, ಒಳಗೆ 35 ಡಿಗ್ರಿ ಇದೆ ಅಂದುಕೊಂಡರೆ ಇದರ ಮೂಲಕ ಇಳಿಯುವ ಶಾಖ ಚದರ ಮೀಟರಿಗೆ ಸುಮಾರು 13 ವ್ಯಾಟ್ ಅಷ್ಟೇ. ಅದೇ ದಪ್ಪದ ಥರ್ಮಾಕೋಲಿಗೆ ಸುಮಾರು 20 ವ್ಯಾಟ್. 12 ಅಡಿ ಚದರದ ಒಂದು ಬಾಕ್ಸಿನ (ಒಂದು ಕುದುರೆ ನಿಲ್ಲುವ ಕೋಣೆಯ) ಮೇಲಿನ ಛಾವಣಿ ಸುಮಾರು 13 ಚದರ ಮೀಟರ್. ಅಂದರೆ ಪಫ್ ಪ್ಯಾನೆಲ್ ಮೂಲಕ ಇಳಿಯುವುದು 170 ವ್ಯಾಟ್ ಆಸುಪಾಸು, ಆ ಬಾಕ್ಸಿನ ಕುದುರೆಯೇ ಬಿಡುವ ಶಾಖದ ಮೂರರಲ್ಲೊಂದು ಪಾಲಿಗೂ ಕಡಿಮೆ. ಹಾಗಾಗಿ ಇನ್ನೂ ದಪ್ಪ ಹಾಕಿಸುವ ಹಣವನ್ನು ಗಾಳಿಯ ದಾರಿಗೆ ಹಾಕುವುದೇ ಜಾಣತನ. ಪ್ಯಾನೆಲ್‌ನ ಕತ್ತರಿಸಿದ ತುದಿಗಳನ್ನೆಲ್ಲ ತಗಡಿನ ಪಟ್ಟಿಯಿಂದ ಮುಚ್ಚಿಸಿ. ತೆರೆದ ಫೋಮ್ ಕಂಡರೆ ಇಲಿ, ಅಳಿಲು, ಇರುವೆ ಒಂದೇ ವರ್ಷದಲ್ಲಿ ಒಳಗೆ ಊರು ಕಟ್ಟುತ್ತವೆ.

ಬಿಡಿ ಥರ್ಮಾಕೋಲ್ ಹಾಳೆಯನ್ನು ತಗಡಿನ ಕೆಳಗೆ ಅಂಟಿಸುವುದು ನಮ್ಮಲ್ಲಿ ತೀರಾ ಸಾಮಾನ್ಯ. ಲಾಯದಲ್ಲಿ ಅದು ಬೇಡವೇ ಬೇಡ. ಬೆಂಕಿ ತಗುಲಿದರೆ ಕರಗಿ ಉರಿಯುತ್ತಾ ಹನಿಹನಿಯಾಗಿ ಬೀಳುತ್ತದೆ, ಕಪ್ಪು ವಿಷದ ಹೊಗೆ ಬಿಡುತ್ತದೆ. ಕೆಳಗೆ ಒಣಹುಲ್ಲು ಇರುತ್ತದೆ, ಬಾಕ್ಸಿನ ಬಾಗಿಲಿಗೆ ಚಿಲಕ ಹಾಕಿರುತ್ತದೆ. ತಗಡಿನ ಕೆಳಗೆ ಫೋಮ್ ಸಿಂಪಡಿಸಿ ಹಾಗೇ ತೆರೆದು ಬಿಡುವುದಕ್ಕೂ ಇದೇ ಮಾತು. ಅದರಲ್ಲಿ ಇನ್ನೊಂದು ತೊಂದರೆ, ತಗಡು ಎಲ್ಲಿ ಸೋರುತ್ತಿದೆ, ಎಲ್ಲಿ ತುಕ್ಕು ಹಿಡಿಯುತ್ತಿದೆ ಎಂದು ಕಣ್ಣಿಗೆ ಕಾಣುವುದೇ ಇಲ್ಲ. ಬೆಂಕಿಯ ಭಯ ಹೆಚ್ಚಿರುವ ಕಡೆ ಕಲ್ಲು ಕರಗಿಸಿ ಎಳೆ ತೆಗೆದ ರಾಕ್‌ವೂಲ್ ಒಳ್ಳೆಯದು, ಅದು ಉರಿಯುವುದಿಲ್ಲ. ಆದರೆ ಒದ್ದೆಯಾದರೆ ಕೆಲಸ ಮಾಡುವುದಿಲ್ಲ, ಅದರ ಎಳೆ ಕುದುರೆಯ ಮೇಲೆ ಉದುರಬಾರದು. ಹಾಗಾಗಿ ಎರಡು ತಗಡಿನ ನಡುವೆ ಮುಚ್ಚಿ ಹಾಕುವುದಾದರೆ ಮಾತ್ರ.

ಕರಾವಳಿ, ಮಲೆನಾಡಿನವರಿಗೆ ಹೆಂಚೇ ಸಾಕು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಊರೂರಿಗೆ ಹರಡಿದ ಆ ಹೆಂಚು ಸಂದುಗಳಲ್ಲಿ ತಾನೇ ಉಸಿರಾಡುತ್ತದೆ. ಎತ್ತರದ ಮಾಡು, ಅದರ ಮೇಲೆ ಹೆಂಚು ಇರುವ ಲಾಯಕ್ಕೆ ಈ ನಾಲ್ಕನೇ ಹಂತ ಹೆಚ್ಚಾಗಿ ಬೇಕಾಗುವುದೇ ಇಲ್ಲ.

ಹೊದಿಕೆಯಿಂದ ಇನ್ನೊಂದು ಲಾಭವಿದೆ. ಡಿಸೆಂಬರ್, ಜನವರಿಯ ತಿಳಿ ಆಕಾಶದ ರಾತ್ರಿಗಳಲ್ಲಿ ತಗಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಕುದುರೆಯ ಉಸಿರಿನ ತೇವ ಅದಕ್ಕೆ ತಾಗಿ ಬೆಳಗಿನ ಜಾವ ಹನಿಯಾಗಿ ತೊಟ್ಟಿಕ್ಕುತ್ತದೆ, ಹಾಸು ಒದ್ದೆಯಾಗುತ್ತದೆ, ಹುಲ್ಲಿಗೆ ಬೂಷ್ಟು ಬರುತ್ತದೆ. ನಡುವೆ ಹೊದಿಕೆ ಇದ್ದರೆ ಈ ತೊಟ್ಟಿಕ್ಕುವಿಕೆ ನಿಲ್ಲುತ್ತದೆ.

ಅಂತರ್ಜಾಲದಲ್ಲಿ ಸಿಗುವ ವಿಡಿಯೋಗಳಲ್ಲಿ ಹೆಚ್ಚಿನವು ಅಮೆರಿಕ, ಕೆನಡಾದ ಹಿಮ ಬೀಳುವ ಊರುಗಳವು. ಅಲ್ಲಿ ಒಳಗೆ ಬೆಚ್ಚಗೆ, ಹೊರಗೆ ಕೊರೆತ. ತೇವ ಹೊದಿಕೆಯೊಳಗೆ ನುಗ್ಗದಂತೆ ಒಳಮೈಗೆ ಪ್ಲಾಸ್ಟಿಕ್ ಹಾಳೆ ಹೊಡೆಯುತ್ತಾರೆ. ಆ ದೇಶಗಳಲ್ಲಿ ಕುದುರೆ ಸಾಕುವ ಕನ್ನಡಿಗರು ಅಲ್ಲಿಯ ಕ್ರಮವನ್ನೇ ಅನುಸರಿಸಬೇಕು. ಊರಲ್ಲಿರುವವರು ಅದನ್ನು ನೋಡಿ ಗೋಡೆಗೆಲ್ಲ ಪ್ಲಾಸ್ಟಿಕ್ ಹೊದಿಸಬಾರದು.

ಐದನೇ ಹಂತ: ಪಡುವಣ ಗೋಡೆ

ಹೊಸದಾಗಿ ಕಟ್ಟುವವರು ಲಾಯದ ಉದ್ದವನ್ನು ಪೂರ್ವ–ಪಶ್ಚಿಮಕ್ಕೆ ಇಟ್ಟರೆ ಸಂಜೆಯ ಬಿಸಿಲಿಗೆ ಸಿಗುವುದು ಗಿಡ್ಡ ಗೋಡೆ ಮಾತ್ರ. ಕಟ್ಟಿಯಾಗಿದೆ, ಉದ್ದದ ಗೋಡೆಯೇ ಪಡುವಣಕ್ಕಿದೆ ಎನ್ನುವವರು ಅದಕ್ಕೆ ಹೊರಗಿನಿಂದ ನೆರಳು ಕೊಡಬೇಕು. ಸಿಮೆಂಟ್ ಬ್ಲಾಕ್, ಕಲ್ಲು, ಯಾವ ಗೋಡೆಯಾದರೂ ಸಂಜೆ ಹೀರಿದ ಬಿಸಿಯನ್ನು ರಾತ್ರಿ ಒಳಗೆ ಬಿಡುತ್ತದೆ. ಒಳಮೈಗೆ ಏನನ್ನು ಅಂಟಿಸಿದರೂ ಕುದುರೆ ಒದೆಯುತ್ತದೆ, ಕಡಿಯುತ್ತದೆ. ಹೊರಗೆ ಮೂರಡಿ ದೂರದಲ್ಲಿ ಕಂಬ ನೆಟ್ಟು ಶೇಡ್ ನೆಟ್ ಕಟ್ಟುವುದು, ಇಲ್ಲವೇ ಸೂರನ್ನು ಚಾಚಿ ಜಗಲಿ ಮಾಡುವುದು ಸುಲಭ. ದೂರದ ಮಾತಿಗೆ ಬೇವು, ಹೊಂಗೆ ನೆಡಿ, ಕುದುರೆಯ ಬಾಯಿಗೆ ಎಟುಕದಷ್ಟು ದೂರ ಬಿಟ್ಟು. ಬೇಲಿಗೆ ಚಂದ ಕಾಣುತ್ತದೆಂದು ಕಣಗಿಲೆ ಮಾತ್ರ ನೆಡಬೇಡಿ. ಅದರ ಒಂದು ಹಿಡಿ ಎಲೆ, ಒಣಗಿದ್ದಾದರೂ ಸರಿ, ಕುದುರೆಯ ಪ್ರಾಣ ತೆಗೆಯಬಲ್ಲದು.

ಒಳಗಿನಿಂದಲೇ ಹೊದಿಕೆ ಹಾಕಬೇಕಾದ ಸಂದರ್ಭ ಬಂದರೆ ಅದರ ಮುಂದೆ ನೆಲದಿಂದ ಕನಿಷ್ಠ 4 ಅಡಿಯವರೆಗೆ ಒಂದೂವರೆಯಿಂದ ಎರಡು ಅಂಗುಲ ದಪ್ಪದ ಗಟ್ಟಿಮರದ ಹಲಗೆ ಹೊಡೆಸಿ. ತೆಳುವಾದ ತಗಡಿನಿಂದ ಮುಚ್ಚಿದರೆ ಒದ್ದ ಗೊರಸು ಅದನ್ನು ಹರಿದು ಒಳಹೋಗುತ್ತದೆ. ಹೊರಗೆಳೆಯುವಾಗ ಕಾಲು ಸೀಳುತ್ತದೆ.

ನೆಲಕ್ಕೆ ನಮ್ಮ ಹವೆಯಲ್ಲಿ ಯಾವ ಹೊದಿಕೆಯೂ ಬೇಡ. ಗಂಜಳ ನಿಲ್ಲದಂತೆ ಇಳಿಜಾರು, ಮೇಲೆ ರಬ್ಬರ್ ಮ್ಯಾಟ್, ಅದರ ಮೇಲೆ ಒಣ ಹಾಸು ಸಾಕು.

ವಿದ್ಯುತ್ತು, ಬೆಂಕಿ, ಫ್ಯಾನು

ಹೊದಿಕೆ ಹಾಕುವ ಮೊದಲೇ ವೈರಿಂಗ್ ಮುಗಿಸಿ. ತಂತಿಗಳು ಲೋಹದ ಕೊಳವೆಯೊಳಗೆ, ಹೊದಿಕೆಯ ಹಿಂದೆ ಮರೆಯಾಗದೆ ಕಣ್ಣಿಗೆ ಕಾಣುವಂತೆ ಇರಲಿ. ಇಲಿ ಕಡಿದ ತಂತಿ ಫೋಮ್‌ನ ಹಿಂದೆ ಕಿಡಿ ಹಾರಿಸಿದರೆ ಯಾರಿಗೂ ತಿಳಿಯುವುದಿಲ್ಲ. ಫ್ಯಾನ್ ಕೊಳ್ಳುವಾಗ ಮೋಟಾರು ಪೂರ್ತಿ ಮುಚ್ಚಿರುವ ಕೈಗಾರಿಕಾ ಬಗೆಯದನ್ನೇ ಕೊಳ್ಳಿ. ಮನೆಯ ಟೇಬಲ್ ಫ್ಯಾನಿನ ಮೋಟಾರಿಗೆ ಹುಲ್ಲಿನ ದೂಳು ತುಂಬಿ ಬಿಸಿಯೇರುತ್ತದೆ. ಒಣಹುಲ್ಲಿನ ದಾಸ್ತಾನು ಬೇರೆ ಕೊಟ್ಟಿಗೆಯಲ್ಲಿರಲಿ. ಬಾಕ್ಸಿನ ಮೇಲೆ ಅಟ್ಟ ಕಟ್ಟಿ ಹುಲ್ಲು ಒಟ್ಟಿದರೆ ಬಿಸಿಲು ತಡೆಯುತ್ತದೆ ನಿಜ. ಜೊತೆಗೆ ದೂಳು ಸುರಿಸುತ್ತದೆ, ಗಾಳಿ ತಡೆಯುತ್ತದೆ, ಬೆಂಕಿಗೆ ಮೇವಾಗುತ್ತದೆ.

ನೀರು ಸಿಂಪಡಿಸುವ ಮಂಜಿನ ನಳಿಕೆಗಳು ರಾಯಚೂರಿನ ಒಣ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಮಂಗಳೂರಿನ ತೇವದ ಗಾಳಿಯಲ್ಲಿ ಅವು ಹಾಸನ್ನು ಒದ್ದೆ ಮಾಡುವುದಷ್ಟೇ. ಅಲ್ಲಿ ಕುದುರೆಯ ಮೈಗೇ ನೀರು ಹಾಕಿ ಫ್ಯಾನಿನ ಮುಂದೆ ನಿಲ್ಲಿಸುವುದು ಮೇಲು.

ಮತ್ತೆ ಅಳೆಯಿರಿ

ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ, ಅದೇ ಮೂರು ಹೊತ್ತು, ಮತ್ತೊಂದು ವಾರ ಬರೆದಿಡಿ. ಹೊರಗಿನ ಹವೆ ದಿನದಿನಕ್ಕೆ ಬದಲಾಗುವುದರಿಂದ ಒಳಗಿನ ಅಂಕಿಯನ್ನಷ್ಟೇ ಹೋಲಿಸಬೇಡಿ. ಒಳಗೂ ಹೊರಗಿನ ನೆರಳಿಗೂ ಇರುವ ಅಂತರ ಎಷ್ಟು ಕುಗ್ಗಿತು ನೋಡಿ. ಮಧ್ಯಾಹ್ನ ಸರಿಹೋಗಿ ರಾತ್ರಿ 9ರ ಅಂಕಿ ಏರಿದ್ದರೆ ನೆತ್ತಿಯ ಬಾಯಿ ಸಾಲದು ಎಂದರ್ಥ, ಇನ್ನೊಂದಿಷ್ಟು ತೆರೆಸಿ. ಅದು ಆಗುವವರೆಗೆ ರಾತ್ರಿ ಹೊತ್ತು ಕುದುರೆಗಳನ್ನು ಬಯಲಿಗೆ ಬಿಡಿ.

ಎಲ್ಲವನ್ನೂ ಒಂದೇ ವರ್ಷ ಮಾಡಿಸಲು ಹಣ ಸಾಲದಿದ್ದರೆ ಈ ಬೇಸಿಗೆಗೆ ನೆತ್ತಿ ತೆರೆಸಿ, ಬಿಳಿ ಬಣ್ಣ ಹಚ್ಚಿಸಿ, ಪಡುವಣಕ್ಕೆ ಶೇಡ್ ನೆಟ್ ಕಟ್ಟಿಸಿ. ಬಬಲ್ ಶೀಟ್ ಮುಂದಿನ ವರ್ಷಕ್ಕಿರಲಿ. ಬಣ್ಣದ ಮೇಲೆ ಕೂತ ದೂಳನ್ನು ಪ್ರತಿ ವರ್ಷ ಶಿವರಾತ್ರಿಗೆ ಮೊದಲು ತೊಳೆಸಿ, ಜಾಲರಿಗಳನ್ನು ಗುಡಿಸಿ. ಬಿಳುಪು ಕಂದಿದೆ ಎನಿಸಿದ ವರ್ಷ ಇನ್ನೊಂದು ಕೈ ಬಣ್ಣ ಕೊಡಿಸಿ.